ಜೀವದ ಮುಂದೆ ಧ್ವನಿ

ಹೊಸನಗರದ ಕಾಲೇಜಿನಲ್ಲಿ ನಾನು ಇಂಗ್ಲಿಷ್ ಪಾಠ ಮಾಡುತ್ತೇನೆ. 'ಔಟ್‌ವೇ' ಎಂಬ ಕ್ರಿಯಾಪದವನ್ನು ಪ್ರತಿವರ್ಷ ಕಲಿಸಬೇಕಾಗುತ್ತದೆ. ಎರಡನ್ನು ತೂಗಿ ನೋಡಿದಾಗ ಒಂದು ಇನ್ನೊಂದಕ್ಕಿಂತ ಮುಖ್ಯವೆನಿಸಿದರೆ ಆ ಪದ. ಹೆಚ್ಚು ತೂಗುವುದು ಕರ್ತೃ, ಸೋತದ್ದು ಕರ್ಮ. ಮೊಬೈಲಿನಿಂದಾಗುವ ತೊಂದರೆಗಿಂತ ಅನುಕೂಲವೇ ಹೆಚ್ಚು ಎನ್ನುವುದಕ್ಕೆ ಮಕ್ಕಳು ಅದನ್ನು ಬಳಸಿ ಬರೆಯುತ್ತಾರೆ. ನಾನು ಸರಿ ಗುರುತು ಹಾಕುತ್ತೇನೆ.

ಸಾಗರದ ಡಾಕ್ಟರೊಬ್ಬರು ಅದೇ ಪದ ಆಡಿದಾಗ ಅಕ್ಕ ನನ್ನ ಪಕ್ಕದಲ್ಲಿ ಕೂತಿದ್ದಳು. ಶೀತವೆಂದುಕೊಂಡ ಗಂಟಲುನೋವು ಕ್ಯಾನ್ಸರ್ ಆಗಿತ್ತು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಆಮೇಲೆ ಮೊದಲಿನಂತೆ ಮಾತು ಬರುವುದಿಲ್ಲ, ಆದರೂ ಲಾಭವೇ 'ಔಟ್‌ವೇ' ಮಾಡುತ್ತದೆ ಎಂದರು ಅವರು.

ಹೊರಗೆ ಬಂದ ಮೇಲೆ ಅಕ್ಕ ಕೇಳಿದಳು, "ಎಂತಂದ್ರೋ ಅವ್ರು? ಅದೆಂತದೋ ಔಟ್ ಅಂದ್ರಲ್ಲ?"

"ಜೀವದ ಮುಂದೆ ಧ್ವನಿ ಹಗುರ ಅಂತ ಅಕ್ಕಾ."

ಅವಳು ನನ್ನ ಕಡೆ ತಿರುಗಿದಳು. "ನಿನ್ ಭಾವಂಗೆ ನಾನಂದ್ರೆ ಧ್ವನಿನೇ ಅಲ್ವೇನೋ?"

ಭಾವ ಬಸ್ಸಿನಲ್ಲಿ ಕಂಡಕ್ಟರಾಗಿದ್ದವರು. ಗ್ಲಾಕೋಮಾದಿಂದ ಎರಡೂ ಕಣ್ಣು ಹೋಗಿ ಕೆಲಸ ಬಿಟ್ಟರು. ತೀರ್ಥಹಳ್ಳಿಯ ಬಾಡಿಗೆ ಮನೆಯಲ್ಲಿ ಅಕ್ಕನೇ ಅವರಿಗೆ ಪೇಪರ್ ಓದುತ್ತಿದ್ದಳು, ಬೀದಿಯಲ್ಲಿ ಯಾರು ಹೋದರೆಂದು ಹೇಳುತ್ತಿದ್ದಳು, ತಟ್ಟೆಯಲ್ಲಿ ಪಲ್ಯ ಯಾವ ಕಡೆ ಇದೆಯೆಂದು ತಿಳಿಸುತ್ತಿದ್ದಳು.

ಸುದ್ದಿ ಕೇಳಿ ಭಾವ ಗದರಿದರು. "ನೀನೇ ಇಲ್ದಿದ್ರೆ ನಾ ಎಂತ ಕೇಳ್ಕಂಡು ಕೂರ್ಲಿ? ಸುಮ್ನೆ ಹೋಗಿ ಮಾಡಿಸ್ಕಾ."

ಆಪರೇಷನ್ನಿಗೆ ಹೊರಡುವ ತನಕ ಅಕ್ಕ ಮಾತು ನಿಲ್ಲಿಸಲಿಲ್ಲ. ದನಿ ಒಡೆದರೂ, ನೋವಿನಲ್ಲೇ, ಮದುವೆಯಾದ ಹೊಸತರಲ್ಲಿ ಇಕ್ಕೇರಿಗೆ ಹೋಗಿದ್ದು, ಬಸ್ಸು ತಪ್ಪಿ ನಡೆದಿದ್ದು, ಏನೇನೋ ಭಾವನಿಗೆ ಹೇಳಿದಳು. ನಾನು ಕೆಲವನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆ.

ಆಪರೇಷನ್ ಚೆನ್ನಾಗಿಯೇ ಆಯಿತು. ಅಕ್ಕ ಉಳಿದಳು. ಕುತ್ತಿಗೆಗೆ ಒತ್ತಿ ಹಿಡಿದು ಮಾತಾಡುವ ಯಂತ್ರ ತಂದುಕೊಟ್ಟೆವು. ಅದರ ಗರಗರ ಸದ್ದಿಗೆ ಭಾವ, "ಯಾರದು?" ಎಂದರು. ಅಕ್ಕ ಅದನ್ನು ಮತ್ತೆ ಮುಟ್ಟಲಿಲ್ಲ. ಚಪ್ಪಾಳೆ ತಟ್ಟಿ ತಾನಿರುವುದನ್ನು ತಿಳಿಸುತ್ತಿದ್ದಳು.

ಒಂದು ಭಾನುವಾರ ಹೋದಾಗ ಇಕ್ಕೇರಿಯ ಕತೆಯಿದ್ದ ರೆಕಾರ್ಡಿಂಗ್ ಹಾಕಿದೆ. ಭಾವ ತಲೆ ತಗ್ಗಿಸಿ ಕೇಳಿದರು. "ಅಷ್ಟು ದೂರ ನಡ್ಸಿದ್ದು ನೀನೇ ಕಣೆ" ಎಂದು ನಕ್ಕರು. ಅವರ ಮಾತಿಗೆ ಕಾಯದೆ ರೆಕಾರ್ಡಿಂಗಿನ ಧ್ವನಿ ತನ್ನಷ್ಟಕ್ಕೆ ಮುಂದೆ ಹೋಯಿತು. ಅವರ ನಗು ನಿಂತಿತು.

"ತೆಗಿ ಮಾರಾಯ. ಅದು ನನ್ ಹತ್ರ ಮಾತಾಡ್ತಾ ಇಲ್ಲ."

ಫೋನು ಜೇಬಿಗಿಟ್ಟೆ. ಭಾವ ದನಿ ತಗ್ಗಿಸಿದರು. "ಬದುಕಿದ್ದಾಳಲ್ಲ, ಅದೇ ದೊಡ್ಡದು. ನಾನೇ ಹೇಳಿದ್ದು, ಈಗ್ಲೂ ಅದನ್ನೇ ಹೇಳ್ತೀನಿ. ಆದ್ರೆ ಪಕ್ಕದಲ್ಲೇ ಕೂತಿರ್ತಾಳೆ, ಅವಳ ನೆನಪಾಗ್ತದೆ."

ಅಡುಗೆಮನೆಯ ಬಾಗಿಲಲ್ಲಿ ಅಕ್ಕ ಕಾಫಿ ಹಿಡಿದು ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ಲೋಟಗಳನ್ನು ಕೆಳಗಿಟ್ಟು, ಭಾವನ ಪಕ್ಕ ಕೂತು, ಅವರ ಅಂಗೈ ಬಿಡಿಸಿ ಬೆರಳಿನಿಂದ ಏನೋ ಬರೆದಳು.

"ಗೊತ್ತಾಗ್ಲಿಲ್ಲ, ಇನ್ನೊಂದ್ಸಲ ಬರಿ" ಎಂದರು ಭಾವ.

ಅಕ್ಕ ಮತ್ತೆ ಬರೆದಳು, ಈ ಸಲ ನಿಧಾನವಾಗಿ.