ರಕ್ತ ಕುಡಿಯುವ ದೊರೆ ಮತ್ತು ನಾಲ್ಕು ತಾಸಿನ ಡಯಾಲಿಸಿಸ್

ಮೂರು ನೂರು ವರ್ಷ ಬದುಕಿಯೂ ಒಂದು ನೆಟ್ಟಗಿನ ಮಾತಾಡಲು ಬಾರದ ಗಂಡಸೊಬ್ಬನ ಪರಿಚಯ ನನಗಾದದ್ದು ಹಾವೇರಿಯ ಡಯಾಲಿಸಿಸ್ ಕೋಣೆಯಲ್ಲಿ. ಅವನು ರೋಗಿಯಲ್ಲ. ನನ್ನ ಹೆಂಡತಿಯ ಫೋನಿನಲ್ಲಿದ್ದ ಒಂದು ಆಟದೊಳಗೆ ಕೋಟೆ ಕಟ್ಟಿಕೊಂಡು ಕೂತಿದ್ದ ವ್ಯಾಂಪೈರ್, ಅಂದರೆ ರಕ್ತ ಕುಡಿದು ಬದುಕುವ ದೊರೆ. ಅವನನ್ನು ಕಂಡ ಮೊದಲ ದಿನವೇ ನನಗೆ ಮೈ ಉರಿಯಿತು. ಮುಂದೆ ಎರಡು ತಿಂಗಳು ಅವನ ಮಾತನ್ನೆಲ್ಲ ನಾನೇ ಬಾಯಿಬಿಟ್ಟು ಓದಬೇಕಾಗಿ ಬಂತು.

ನಾವಿರುವುದು ಬ್ಯಾಡಗಿಯಲ್ಲಿ. ನನ್ನದೊಂದು ಸಣ್ಣ ಪ್ರೆಸ್ಸಿದೆ. ಮದುವೆ ಪತ್ರಿಕೆ, ಖಾರದಪುಡಿಯ ಲೇಬಲ್ಲು, ಬೀಜದ ಅಂಗಡಿಗಳ ಕರಪತ್ರ ಅಚ್ಚು ಹಾಕುತ್ತೇನೆ. ಮೂವತ್ತು ವರ್ಷ ಊರವರ ಕನ್ನಡ ತಿದ್ದಿ ತಿದ್ದಿ ನನಗೊಂದು ಚಟ ಅಂಟಿದೆ: ಯಾರು ಏನು ಬರೆದರೂ ಮೊದಲು ತಪ್ಪೇ ಕಣ್ಣಿಗೆ ಬೀಳುತ್ತದೆ. ಹೆಂಡತಿ ಇದಕ್ಕೆ ನಗುತ್ತಿದ್ದಳು. ಆಮೇಲೆ ಅವಳ ಎರಡೂ ಕಿಡ್ನಿ ಕೈಕೊಟ್ಟವು. ವಾರಕ್ಕೆರಡು ದಿನ ಬೆಳಗಿನ ಬಸ್ಸಿಗೆ ಹಾವೇರಿಗೆ ಹೋಗುವುದು, ನಾಲ್ಕು ತಾಸು ಅವಳ ಮೈಯ ರಕ್ತವೆಲ್ಲ ಯಂತ್ರದೊಳಗೆ ಹೋಗಿ ತೊಳೆದುಕೊಂಡು ಬರುವುದನ್ನು ನೋಡುತ್ತ ಕೂರುವುದು, ಮಧ್ಯಾಹ್ನದ ಬಸ್ಸಿಗೆ ವಾಪಸ್ಸು ಬರುವುದು, ಇದೇ ನಮ್ಮ ಸಂಸಾರವಾಯಿತು.

ಯಂತ್ರ ಎಷ್ಟೆಂದರೂ ದಿನ ದೂಡಲಿಕ್ಕೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಮನೆಯವರೊಬ್ಬರು ಒಂದು ಕಿಡ್ನಿ ಕೊಟ್ಟರೆ ಅವಳು ಮತ್ತೆ ಮೊದಲಿನಂತಾಗಬಹುದು. ನಮಗೆ ಮಕ್ಕಳಿಲ್ಲ. ನನ್ನ ರಕ್ತದ ಗುಂಪೂ ಅವಳದೂ ಒಂದೇ. “ಮನ್ಯಾಗ ಕುಂತು ಮಾತಾಡ್ರಿ” ಅಂದರು ಡಾಕ್ಟರು. ಹನ್ನೊಂದು ತಿಂಗಳು ನಾವು ಕುಂತೆವು, ಮಾತಾಡಲಿಲ್ಲ. ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ.

ನಮ್ಮ ಕಡೆಯವರು ಮಾತ್ರ ಧಾರಾಳ ಮಾತಾಡಿದರು. ಚೊಚ್ಚಲ ಬಾಣಂತನ, ಉಡಿ ತುಂಬುವುದು, ಪಂಚಮಿಯ ಉಂಡಿ, ಹೆಣ್ಣುಮಗಳಿಗೆ ಸಲ್ಲುವುದೆಲ್ಲ ತವರಿನಿಂದ ಬರಬೇಕಲ್ಲ, ಕಿಡ್ನಿಯೂ ಅಲ್ಲಿಂದಲೇ ಬರಲಿ ಎಂದು ಅವರು ತೀರ್ಮಾನಿಸಿದ್ದರು. “ತವರುಮನಿಯವ್ರು ಅದಾರಲ್ಲ, ಅವ್ರ ಕೊಡ್ಲಿ” ಅಂದ ನನ್ನ ಅಣ್ಣ, ಒಂದು ಕುಪ್ಪಸದ ಖಣದ ಮಾತಾಡಿದ ಹಾಗೆ. ರಾಣೆಬೆನ್ನೂರಿನಿಂದ ಅವಳ ತಮ್ಮ ಬಂದ. ಚಿಕ್ಕು ತಂದಿದ್ದ. ಚಹಾ ಕುಡಿದ, ಟೊಮೇಟೊ ಬೀಜದ ಧಾರಣೆ ಮಾತಾಡಿದ, ಅಕ್ಕನ ಕೈ ಹಿಡಿದು ಅತ್ತ, ಎದ್ದು ಹೋದ. ಅವನನ್ನು ನಾನು ಬ್ಯಾಡಗಿಯ ಪ್ಯಾಟಿಯಲ್ಲಿ ಸಿಕ್ಕವರ ಮುಂದೆಲ್ಲ ಹೇಡಿ ಎಂದು ಬೈದೆ. ಬೈದಾಗ ನನಗೆ ಹಗುರಾಗುತ್ತಿತ್ತು.

ಆಟವನ್ನು ಫೋನಿಗೆ ಹಾಕಿಕೊಟ್ಟವಳು ಪಕ್ಕದ ಹಾಸಿಗೆಯ ಹೆಣ್ಣುಮಗಳು. ಕರ್ಜಗಿಯವಳು, ಮನೆಯಲ್ಲಿ ಹೊಲಿಗೆ ಮಾಡುತ್ತಿದ್ದಳು, ಅವಳದೂ ಇದೇ ಕಾಯಿಲೆ. “ಅಕ್ಕಾರ, ಇದು ಕಥಿ ಇದ್ದಂಗ ಐತ್ರಿ, ಹೊತ್ತು ಹೋಗ್ತೈತಿ” ಅಂದಳು. ನನ್ನ ಹೆಂಡತಿಯ ಎಡಗೈಗೆ ಎರಡು ದಪ್ಪ ಸೂಜಿ ಚುಚ್ಚಿರುತ್ತಾರೆ, ಅಲ್ಲಾಡಿಸುವ ಹಾಗಿಲ್ಲ. ಬಲಗೈಯಲ್ಲಿ ಫೋನು ಹಿಡಿದರೂ ಸಣ್ಣ ಅಕ್ಷರ ಕಾಣುವುದಿಲ್ಲ. ಹೀಗಾಗಿ ಓದುವ ಪಾಳಿ ನನ್ನದಾಯಿತು. ಜೊತೆಗೆ ಬಂದವರು ಹೊರಗೇ ಕೂರಬೇಕಿತ್ತು, ಆದರೆ ನರ್ಸಮ್ಮ ಒಂದು ಸ್ಟೂಲು ಕೊಟ್ಟು ಸುಮ್ಮನಾದರು.

ಆಟ ಎನ್ನುತ್ತಾರೆ, ಆಡಲಿಕ್ಕೆ ಏನೂ ಇಲ್ಲ. ಒಂದು ಚಿತ್ರ ನಿಂತಿರುತ್ತದೆ, ಅದರ ಕೆಳಗೆ ಒಂದು ಸಾಲು ಮಾತು ಬರುತ್ತದೆ, ಬೆರಳಿನಿಂದ ಮುಟ್ಟಿದರೆ ಇನ್ನೊಂದು ಸಾಲು. ಹತ್ತಿಪ್ಪತ್ತು ಸಾಲಿಗೊಮ್ಮೆ ಎರಡು ಚೌಕ ತೋರಿಸಿ ಇದು ಬೇಕೋ ಅದು ಬೇಕೋ ಎಂದು ಕೇಳುತ್ತದೆ. ಇದಕ್ಕೆ ವಿಷುವಲ್ ನಾವೆಲ್ ಎಂದು ಹೆಸರಂತೆ. ಕಾದಂಬರಿ ಬರೆಯುವ ತಾಕತ್ತಿಲ್ಲದವರು, ಸಿನಿಮಾ ತೆಗೆಯುವ ಉಸಾಬರಿ ಬೇಡದವರು, ಎರಡರ ಉಳಿದ ಚೂರು ಸೇರಿಸಿ ಮಾಡಿದ್ದು ಎಂದು ನಾನು ಅಂದುಕೊಂಡೆ. ದೊರೆಯ ಮುಖಕ್ಕೆ ಇದ್ದದ್ದು ಮೂರೇ ಭಾವ. ಸಿಟ್ಟು ಬಂದಾಗೊಂದು, ಪ್ರೀತಿ ಬಂದಾಗೊಂದು, ಉಳಿದ ಹೊತ್ತೆಲ್ಲ ಅಜೀರ್ಣವಾದವರ ಮುಖ.

ಕನ್ನಡವಂತೂ ಕೇಳಬೇಡಿ. ಯಂತ್ರದಿಂದ ಮಾಡಿಸಿದ ಅನುವಾದ. ಕೋಟೆಗೆ ಬಂದ ಅನಾಥ ಹುಡುಗಿಯ ಕೈ ಹಿಡಿದು ದೊರೆ ಹೇಳುತ್ತಾನೆ: “ನಿನ್ನ ರಕ್ತವು ನನಗೆ ಮನೆಯಂತೆ ವಾಸನೆ ಮಾಡುತ್ತದೆ.” ನಾನು ಓದುವುದನ್ನು ನಿಲ್ಲಿಸಿಬಿಟ್ಟೆ. ಹೆಂಡತಿ ನಗು ತಡೆಯಲಾರದೆ ಮೈ ಕುಲುಕಿದ್ದಕ್ಕೆ ಯಂತ್ರದ ಕೊಳವೆ ಅಲುಗಿತು, ನರ್ಸಮ್ಮ ಓಡಿ ಬಂದರು. ನನ್ನ ಪ್ರೆಸ್ಸಿನಲ್ಲಿ ಯಾವನಾದರೂ ಇಂಥದ್ದೊಂದು ಸಾಲು ತಂದಿದ್ದರೆ ಕಾಗದ ಹರಿದು ಕೈಗೆ ಕೊಡುತ್ತಿದ್ದೆ.

ಆದರೆ ನನ್ನ ನಿಜವಾದ ತಿರಸ್ಕಾರ ಭಾಷೆಯ ಮೇಲಲ್ಲ, ರಕ್ತದ ಮೇಲೆ. ರಕ್ತದ ಮೇಲೇ ಕಟ್ಟಿದ ಕಥೆ, ಬರೆದವನಿಗೆ ರಕ್ತದ ಗಂಧಗಾಳಿ ಇಲ್ಲ. ಹುಡುಗಿಯ ಮಣಿಕಟ್ಟಿಗೆ ದೊರೆ ಹಲ್ಲು ಊರುತ್ತಾನೆ, ಬಿಳಿ ಕರವಸ್ತ್ರದ ಮೇಲೆ ಗುಲಾಬಿ ಹೂವಿನಷ್ಟು ಒಂದು ಕಲೆ, ಅವಳು ಕಣ್ಣು ಅರೆಮುಚ್ಚಿ ಎರಡು ಪುಟ ಪ್ರೇಮದ ಮಾತಾಡುತ್ತಾಳೆ. ರಕ್ತ ಕಡಿಮೆಯಾದವರು ಮಾತಾಡುವುದಿಲ್ಲ. ಅವರಿಗೆ ಚಳಿ ಬರುತ್ತದೆ, ಇನ್ನೊಂದು ಚಾದರ ಕೇಳುತ್ತಾರೆ, ಕಾಲಿನ ಮೀನಖಂಡ ಹಿಡಿದುಕೊಂಡು ಹಲ್ಲು ಕಚ್ಚುತ್ತಾರೆ. ಬಸ್ ಸ್ಟ್ಯಾಂಡಿನ ಮೆಟ್ಟಿಲು ಹತ್ತಲು ಕಂಬ ಹಿಡಿಯುತ್ತಾರೆ. ಅದನ್ನು ವಾರಕ್ಕೆರಡು ಸಲ ನೋಡುವ ನನ್ನ ಮುಂದೆ ಇವರು ಗುಲಾಬಿ ಹಿಡಿದುಕೊಂಡು ಬಂದಿದ್ದರು.

ಮೂರನೇ ಅಧ್ಯಾಯದಲ್ಲಿ ನಾವು ಸಿಕ್ಕಿಬಿದ್ದೆವು. ಹುಡುಗಿ ಊರೊಳಗೆ ಒಂದು ಕೋಣೆ ಬಾಡಿಗೆ ಹಿಡಿದಿದ್ದಾಳೆ. ಹೊರಗೆ ಮಳೆ, ಬಾಗಿಲಲ್ಲಿ ಒಬ್ಬ ಅಪರಿಚಿತ. ಮನೆಯವರು ಬಾಯಿಬಿಟ್ಟು ಕರೆಯದೆ ಈ ರಕ್ತಪಿಪಾಸುಗಳು ಹೊಸ್ತಿಲು ದಾಟುವಂತಿಲ್ಲ ಎಂಬುದು ಆಟದ ಕಾಯಿದೆ. ಒಳಗೆ ಕರೆಯಬೇಕೋ, ಬಾಗಿಲು ಮುಚ್ಚಬೇಕೋ ಎಂದು ಆಟ ಕೇಳಿತು.

“ಕರೀರಿ” ಅಂದಳು ಹೆಂಡತಿ.

ಕರೆದೆ. ಅವನು ಒಳಗೆ ಬಂದು ಹುಡುಗಿಯ ಕುತ್ತಿಗೆ ಕಚ್ಚಿ ಕೊಂದ. ಆಟ ಮುಗಿಯಿತು. ಮತ್ತೆ ಮೊದಲಿನಿಂದ ಓದಿಕೊಂಡು ಬಂದೆ.

“ಕರೀರಿ.”

“ಅಲ್ಲ, ಒಮ್ಮೆ ಸತ್ತಾಳಲ್ಲ ಆಕಿ. ಬಾಗಲಾ ಹಾಕೂಣು.”

“ಮಳ್ಯಾಗ ನಿಂತಾನ. ಬಾಗಲದಾಗ ನಿಂತವ್ರಿಗೆ ಒಳಗ ಬರ್ರಿ ಅನಲಾರದ ಹ್ಯಾಂಗ ಇರೂದ್ರಿ?”

ಪಕ್ಕದ ಹಾಸಿಗೆಯವಳೂ ಅದೇ ತಪ್ಪು ಮಾಡಿದ್ದಳಂತೆ. “ನಾನೂ ನಾಕ್ ಸಲ ಸತ್ತೇನ್ರಿ ಅಕ್ಕಾರ, ಕೈ ಬರೂದಿಲ್ಲ” ಅಂದಳು. ಆಟ ಮಾಡಿದವರಿಗೆ ನಮ್ಮ ಊರಿನ ಅಂದಾಜಿರಲಿಲ್ಲ. ಹೊಸ್ತಿಲ ಮುಂದೆ ನೆರಳು ಕಂಡರೆ ಸಾಕು, ಯಾರು ಎಂದು ಕೇಳುವ ಮೊದಲೇ ಬರ್ರಿ, ಕುಂದ್ರಿ, ನೀರು ಕುಡೀರಿ ಅನ್ನುವ ಊರು ನಮ್ಮದು. ಇಂಥ ಕಾಯಿದೆ ಖರೇ ಇದ್ದಿದ್ದರೆ ಬ್ಯಾಡಗಿ ತಾಲೂಕು ಎಂದೋ ಖಾಲಿಯಾಗಿರುತ್ತಿತ್ತು. ಎರಡು ವಾರ ನಾವು ಅದೇ ಬಾಗಿಲಲ್ಲಿ ಸತ್ತೆವು. ಕೊನೆಗೆ ನನಗೆ ಸಾಕಾಯಿತು. ಅವಳು ಕರೀರಿ ಎಂದಾಗ ನಾನು ಸದ್ದಿಲ್ಲದೆ ಇನ್ನೊಂದು ಚೌಕ ಒತ್ತಿದೆ, ಓದುತ್ತ ಮುಂದೆ ಹೋದೆ.

ನಾಲ್ಕು ಸಾಲು ಕೇಳಿದಳು. “ಬಾಗಲಾ ಹಾಕಿದ್ರೇನು?” ಅಂದಳು.

“ಹೂಂ.”

“ಹಾಕ್ರಿ. ನೀವು ಹಾಕೋರ.”

ಸಿಟ್ಟಿನಿಂದ ಹೇಳಲಿಲ್ಲ. ಆದರೂ ಆ ದಿನ ಬಸ್ಸಿನಲ್ಲಿ ನಾನು ಅವಳ ಮುಖ ನೋಡಲಿಲ್ಲ.

ಆ ದರಿದ್ರ ಆಟಕ್ಕೂ ಒಂದೆರಡು ಒಳ್ಳೆಯ ಗುಣ ಇದ್ದವು ಎಂದು ಒಪ್ಪಿಕೊಳ್ಳಬೇಕು, ಒಪ್ಪಲು ಹೊಟ್ಟೆ ಉರಿದರೂ. ಹಿಂದಿನ ಸಂಗೀತ ಚೆನ್ನಾಗಿತ್ತು, ಯಂತ್ರದ ಗುಂಯ್ ಎನ್ನುವ ಸದ್ದನ್ನು ಸ್ವಲ್ಪ ಮುಚ್ಚುತ್ತಿತ್ತು. ಕೋಟೆಯ ಅಡುಗೆಮನೆಯ ಚಿತ್ರವನ್ನು ಯಾರೋ ಪ್ರೀತಿಯಿಂದ ಬಿಡಿಸಿದ್ದರು, ತಾಮ್ರದ ಪಾತ್ರೆಗಳ ತಳ ಕೂಡ ಮಸಿ ಹಿಡಿದಿತ್ತು. ದೊಡ್ಡದು ಇನ್ನೊಂದಿದೆ. ಆಟ ಅವಸರ ಮಾಡುತ್ತಿರಲಿಲ್ಲ. ಏನು ಮಾಡುತ್ತೀ ಎಂದು ಕೇಳಿ, ಉತ್ತರ ಬರುವ ತನಕ ಸುಮ್ಮನೆ ಕಾಯುತ್ತಿತ್ತು. ಕಾಯಿಲೆ ಬಿದ್ದ ಮೇಲೆ ಅವಳನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಎಷ್ಟು ನೀರು ಕುಡಿಯಬೇಕು, ಯಾವ ಕೈ ಚಾಚಬೇಕು, ಏನು ತಿನ್ನಬಾರದು, ಎಲ್ಲ ಹೇಳುವವರೇ. ನಾನೂ ಹೇಳುವವನೇ. ಆ ಕೆಟ್ಟ ಕನ್ನಡದ ಆಟವೊಂದು ಅವಳನ್ನು ಕೇಳುತ್ತಿತ್ತು, ಅದಕ್ಕೇ ಅವಳು ಅದನ್ನು ಬಿಡಲಿಲ್ಲ.

ಕೊನೆಯ ಅಧ್ಯಾಯ ಬಂತು. ಇನ್ನು ಯಾರ ರಕ್ತವನ್ನೂ ಕುಡಿಯುವುದಿಲ್ಲವೆಂದು ಆಣೆ ಮಾಡಿದ ದೊರೆ ಸೊರಗಿ ಸೊರಗಿ ಕೋಟೆಯ ಮೆಟ್ಟಿಲ ಮೇಲೆ ಬಿದ್ದಿದ್ದಾನೆ. ಹುಡುಗಿ ಪಕ್ಕದಲ್ಲಿ ನಿಂತಿದ್ದಾಳೆ. ಅವಳು ಕೊಟ್ಟರೆ ಬದುಕುತ್ತಾನೆ, ಅವನು ಕೇಳುವುದಿಲ್ಲ. ನಾನು ಚೌಕಗಳನ್ನು ಓದಿದೆ: ಅವನು ಕೇಳುವವರೆಗೆ ಕಾಯುತ್ತೇನೆ. ಇಲ್ಲವೇ, ನಾನಾಗಿಯೇ ಕೊಡುತ್ತೇನೆ.

ಎಂದೂ ತಡಮಾಡದವಳು ಅಂದು ಯಾವ ಚೌಕವನ್ನೂ ಆರಿಸದೆ ನನ್ನ ಕಡೆ ತಿರುಗಿದಳು.

“ಇದೊಂದು ನೀವ ಒತ್ತರಿ” ಅಂದಳು.

ನಾನು ಬೈಯಲು ಶುರುಮಾಡಿದೆ. ಇದೆಂಥ ಕಥಿ, ತಲಿಬುಡ ಇಲ್ಲ, ಬರದವಗ ಬುದ್ಧಿ ಇಲ್ಲ, ಮೂರು ನೂರು ವರ್ಷದ ಮುದುಕಗ ಬಾಯಿ ಇಲ್ಲೇನು, ಬೇಕಂದ್ರ ಕೇಳಲಿ ಅಂದೆ. ದನಿ ಎತ್ತರವಾಗಿದ್ದಿರಬೇಕು, ಕರ್ಜಗಿಯವಳು ಆ ಕಡೆ ಹೊರಳಿ ಮಲಗಿದಳು. ಹೆಂಡತಿ ಕಣ್ಣು ಮುಚ್ಚಿಕೊಂಡಿದ್ದಳು. ನನ್ನ ಕೈಯಲ್ಲಿ ಫೋನಿನ ಪರದೆ ಮಂಕಾಗಿ, ಆಮೇಲೆ ಕಪ್ಪಾಯಿತು. ನಾನು ಯಾವುದನ್ನೂ ಒತ್ತಲಿಲ್ಲ.

ವಾಪಸ್ಸು ಬರುವಾಗ ಬಸ್ಸು ಮೋಟೆಬೆನ್ನೂರಿನಲ್ಲಿ ನಿಂತಿತ್ತು. ಜನ ಇಳಿಯುತ್ತಿದ್ದರು. ನಾನು ಕಿಟಕಿಯ ಕಡೆ ನೋಡುತ್ತ ಹೇಳಿದೆ: “ನನಗ ಅಂಜಿಕಿ ಆಗ್ತೈತಿ.”

“ಗೊತ್ತೈತ್ರಿ” ಅಂದಳು. ಬಸ್ಸು ಹೊರಟ ಮೇಲೆ, “ನೀವು ಅಂಜಿದ್ದಕ್ಕ ನನಗೇನೂ ಅನಿಸಿಲ್ಲ. ನನ್ನ ತಮ್ಮನ್ನ ಬೈಕೋತ ತಿರಗ್ತಿದ್ರಲ್ಲ, ಅದು ಸೇರ್ತಿರಲಿಲ್ಲ” ಅಂದಳು.

ಎರಡು ತಿಂಗಳು ಒಂದು ಬೊಂಬೆಯ ಮೇಲೆ ಕಾರಿದ ತಿರಸ್ಕಾರವೆಲ್ಲ ಆ ಸೀಟಿನಲ್ಲಿ ನನ್ನ ಮೇಲೆಯೇ ಬಿತ್ತು. ಹೇಡಿ ಯಾರೆಂದು ಅವಳಿಗೆ ಮೊದಲಿನಿಂದ ಗೊತ್ತಿತ್ತು, ತಿಳಿದೂ ನಾನು ತಂದ ನೀರು ಕುಡಿದಿದ್ದಳು, ನಾನು ಓದಿದ್ದನ್ನು ಕೇಳಿದ್ದಳು. ಮುಂದಿನ ಸಲ ಹಾವೇರಿಗೆ ಹೋದಾಗ ಡಾಕ್ಟರ ಮುಂದೆ ನಿಂತು, ನನ್ನದನ್ನು ಪರೀಕ್ಷೆ ಮಾಡಿರಿ ಎಂದೆ. ರಕ್ತ ತೆಗೆಯುವಾಗ ಮುಖ ತಿರುಗಿಸಿಕೊಂಡೆ. ಅವಳಿಗೆ ಚುಚ್ಚುವ ಸೂಜಿಯ ಕಾಲುಭಾಗದಷ್ಟು ದಪ್ಪವೂ ಇರಲಿಲ್ಲ ಅದು.

ವಾರದ ಮೇಲೆ ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿಕೊಂಡು ವರದಿ ತೋರಿಸಿದರು. ನನಗೆ ಸಕ್ಕರೆ ಕಾಯಿಲೆ ಇದೆ, ಬಹಳ ದಿನದ್ದು, ನನಗೇ ಗೊತ್ತಿರಲಿಲ್ಲ. ನನ್ನ ಕಿಡ್ನಿ ತೆಗೆದುಕೊಳ್ಳಲು ಬರುವುದಿಲ್ಲ ಅಂದರು. ಬೇರೆ ದಾರಿಗಳ ಬಗ್ಗೆ, ಸತ್ತವರ ಕಿಡ್ನಿಗಾಗಿ ಹುಬ್ಬಳ್ಳಿಯಲ್ಲಿ ಹೆಸರು ಹಚ್ಚುವ ಬಗ್ಗೆ ಏನೇನೋ ಹೇಳುತ್ತಿದ್ದರು. ನನಗೆ ಕೇಳಿಸಲಿಲ್ಲ. ಮೊದಲು ಬಂದದ್ದು ದುಃಖವಾಗಿದ್ದರೆ ಇವತ್ತು ಇದನ್ನು ಬರೆಯುವ ಅಗತ್ಯ ಇರುತ್ತಿರಲಿಲ್ಲ. ಮೊದಲು ಬಂದದ್ದು ಒಂದು ದೊಡ್ಡ ನಿರಾಳ. ಎದೆಯಿಂದ ಉಸಿರು ತಾನಾಗಿ ಹೊರಬಿತ್ತು, ಭುಜ ಸಡಿಲಾಯಿತು. ಅದನ್ನು ಮುಚ್ಚಿಕೊಳ್ಳುವಷ್ಟು ಚುರುಕು ನನಗಿರಲಿಲ್ಲ.

ಹೆಂಡತಿ ನನ್ನನ್ನೇ ನೋಡುತ್ತಿದ್ದಳು. ಸೂಜಿಯ ಗಂಟುಗಳಿದ್ದ ಎಡಗೈಯನ್ನು ನನ್ನ ಮೊಣಕಾಲ ಮೇಲೆ ಇಟ್ಟಳು.

“ಹೋಗ್ಲಿ ಬಿಡ್ರಿ” ಅಂದಳು. “ಇನ್ನ ಅಂಜಬ್ಯಾಡ್ರಿ.”