ಅಣ್ಣನ ಹೆಸರು ಬಂದಾಗ ಮಂಗಳಾರತಿ

ಯುದ್ಧದ ಕಾಲದಲ್ಲಿ ನಮ್ಮಣ್ಣ ಮದ್ರಾಸಿನಲ್ಲಿ ಅವರಿವರ ಕೈಕೆಳಗೆ ದುಡಿದು, ಕೊನೆಗೊಂದು ಸಿನಿಮಾಕ್ಕೆ ಡೈರೆಕ್ಟರಾದ. ಅಡಗೂಲಜ್ಜಿ ಕಥೆ. ಮಾವಿನಹಣ್ಣಿನೊಳಗಿಂದ ರಾಜಕುಮಾರಿ ಹುಟ್ಟಿ ಬರ್ತಾಳೆ, ಕುರಿ ಕಾಯೋನು ಅವಳನ್ನ ಕಟ್ಟಿಕೊಳ್ತಾನೆ. ಕೆಲಸ ಮುಗಿಯುತ್ತಲೂ ಕಂಪನಿ ಯಜಮಾನರ ಜೊತೆ ಜಗಳ ಆಡಿ ಊರಿಗೆ ಬಂದುಬಿಟ್ಟ. ಮುಗಿದ ಚಿತ್ರವನ್ನ ಅವನೇ ನೋಡಿರಲಿಲ್ಲ.

ಮುಳಬಾಗಿಲಿನಲ್ಲಿ ಹೆಣ್ಣು ಒಪ್ಪಿಗೆಯಾಗಿತ್ತು. ಅವಳಪ್ಪನದು ಮಾತ್ರ ತಕರಾರು. "ವೇಷ ಹಾಕಲ್ವಂತೆ, ಹಾಡಲ್ವಂತೆ, ಆ ಕ್ಯಾಮೆರಾ ಡಬ್ಬಾನೂ ತಿರುಗಿಸಲ್ವಂತೆ. ಇನ್ನೇನ್ರೀ ಮಾಡ್ತಾನೆ ನಿಮ್ಮ ಹುಡುಗ?" ನಮ್ಮಪ್ಪನಿಗೂ ಅದು ಗೊತ್ತಿರಲಿಲ್ಲ. "ಪರದೆ ಮೇಲೆ ಹೆಸರು ಬರುತ್ತೆ ಸ್ವಾಮಿ," ಅಂದುಬಿಟ್ಟರು. ಸರಿ, ಆ ಹೆಸರನ್ನ ಕಣ್ಣಾರೆ ಕಂಡರೆ ಹೆಣ್ಣು ಕೊಡ್ತೀನಿ, ಇಲ್ಲಾಂದ್ರೆ ಇಲ್ಲ, ಅಂತ ಮಾತಾಯ್ತು.

ನಮ್ಮೂರು ಶ್ರೀನಿವಾಸಪುರದ ಸಿನಿಮಾ ಡೇರೆಗೆ ಆ ಚಿತ್ರ ಒಂದೇ ಒಂದು ದಿನಕ್ಕೆ ಬಂತು. ಹೆಣ್ಣಿನ ಕಡೆಯವರೆಲ್ಲ ಬಸ್ಸಿಳಿದರು. ಗಂಡಸರಿಗೆ ಪರದೆಯ ಮುಂದೆ ಜಾಗ, ಹೆಂಗಸರಿಗೆ ಹಿಂದೆ. ನಮಗೆ ಎಲ್ಲಾ ಎಡ ಬಲವಾಗಿ, ಬಲ ಎಡವಾಗಿ ಕಾಣೋದು. ಹೆಂಗಸರಿಗೆ ಅಷ್ಟೇ ಸಾಕು ಅಂತ ಗಂಡಸರ ತೀರ್ಮಾನ. ನಾನೂ ಆ ಹುಡುಗಿಯೂ ಒಂದೇ ಚಾಪೆಯ ಮೇಲೆ ಕೂತೆವು.

ನಮ್ಮಪ್ಪನ ಸಂಭ್ರಮ ಕೇಳಬೇಕೆ! ಮಗನ ಹೆಸರು ಬರೋ ಹೊತ್ತಿಗೆ ಸರಿಯಾಗಿ ಪರದೆಗೆ ಮಂಗಳಾರತಿ ಆಗಲೇಬೇಕು ಅಂತ ಪೂಜಾರಿಯನ್ನ ಕರೆಸಿದ್ದರು. ಯಂತ್ರ ನಡೆಸೋನು ಸನ್ನೆ ಮಾಡಿದ, ಗಂಟೆ ಮೊಳಗಿತು, ಕರ್ಪೂರ ಹೊತ್ತಿಕೊಂಡಿತು. ಗಂಟೆ ಕೇಳಿದ ಮೇಲೆ ನಮ್ಮ ಜನ ಸುಮ್ಮನಿರ್ತಾರೆಯೇ? ಡೇರೆಗೆ ಡೇರೆಯೇ ಎದ್ದು ನಿಂತು, ಕೈಮುಗಿದು, ಕಣ್ಣು ಮುಚ್ಚಿಕೊಂಡಿತು. ಅಪ್ಪ ಮುಚ್ಚಿದರು. ಹೆಣ್ಣಿನಪ್ಪ ಮುಚ್ಚಿದರು. ಅಯ್ಯೋ, ನಮ್ಮ ಪೆದ್ದಣ್ಣ, ಅವನೂ ಮುಚ್ಚಿಕೊಂಡ! ಎಲ್ಲರೂ ಕಣ್ಣು ಬಿಡೋ ಹೊತ್ತಿಗೆ ಪರದೆಯ ಮೇಲೆ ಕುರಿ ಮೇಯುತ್ತಿದ್ದವು.

ಆಮೇಲೆ ರಟ್ಟಿನ ಮಾವಿನಹಣ್ಣು ಬಂತು. ಅದು ಬಾದಾಮಿಯೋ ರಸಪುರಿಯೋ ಅಂತ ಮಾವಿನ ಮಂಡಿ ವ್ಯಾಪಾರಿಗಳು ಜಗಳಕ್ಕೇ ನಿಂತರು. ರಾಜಕುಮಾರಿ ಹುಟ್ಟಿದ್ದನ್ನ ಯಾರೂ ಗಮನಿಸಲಿಲ್ಲ.

ಆಟ ಮುಗಿದು ಹೊರಗೆ ಬಂದರೆ ಹೆಣ್ಣಿನಪ್ಪ, "ನಾಕೇಮೀ ಕನಪಡಲೇದು. ನಂಗೇನೂ ಕಾಣ್ಲಿಲ್ಲಪ್ಪ, ಬಸ್ಸಿಗೆ ಹೊತ್ತಾಯ್ತು," ಅಂತ ಪಂಚೆ ಎತ್ತಿ ಕಟ್ಟಿದರು. ಅಣ್ಣನ ಮುಖ ಇಷ್ಟಾಯ್ತು.

"ನಾನು ನೋಡ್ದೆ ಅಪ್ಪಾ," ಅಂದಳು ಹುಡುಗಿ, ಅಷ್ಟು ಜನ ಗಂಡಸರ ಮುಂದೆ. "ಹಿಂದಿನಿಂದ ಅಕ್ಷರ ತಿರುಗುಮುರುಗಾಗಿದ್ವು. ಆದ್ರೂ ಓದ್ಕೊಂಡೆ. ಅವರದೇ ಹೆಸರು."

ಮದುವೆಯಾಯ್ತು. ಆ ಸಿನಿಮಾ ಮತ್ತೆಲ್ಲೂ ಓಡಲಿಲ್ಲ, ಅಣ್ಣನಿಗೆ ಇನ್ನೊಂದು ಸಿಗಲೂ ಇಲ್ಲ. ಮಾವಿನ ಮಂಡಿಯಲ್ಲಿ ಬುಟ್ಟಿ ತುಂಬೋರಿಗೆ "ಹಾಗಲ್ಲ, ಹೀಗೆ" ಅಂತ ಡೈರೆಕ್ಷನ್ ಕೊಡುತ್ತ ಆಯುಸ್ಸು ಕಳೆದ. ಬೇಜಾರಾದಾಗೆಲ್ಲ ಅತ್ತಿಗೆಯನ್ನ ಕೇಳೋನು, "ಆ ಯಜಮಾನ ನನ್ನ ಹೆಸರು ತೆಗೆದುಹಾಕಿರಲಿಲ್ಲ ತಾನೇ?"

"ಇಷ್ಟು ದೊಡ್ಡಕ್ಷರದಲ್ಲಿತ್ತು ಕಣ್ರೀ," ಅನ್ನೋರು ಅತ್ತಿಗೆ. ಅವನಿಗೆ ಅಷ್ಟೇ ಸಾಕಾಗೋದು.

ಇಬ್ಬರೂ ಹೋದ ಮೇಲೆ ಹೇಳ್ತಿದ್ದೀನಿ. ಗಂಟೆ ಸದ್ದು ಪರದೆಯ ಹಿಂದಕ್ಕೂ ಕೇಳಿಸಿತ್ತು. ಹೆಂಗಸರೂ ಕೈಮುಗಿದಿದ್ದೆವು. ನಾನು ಕಣ್ಣು ಬಿಟ್ಟಾಗ ಕುರಿ ಬಂದಾಗಿತ್ತು. ಪಕ್ಕದಲ್ಲಿ ಅತ್ತಿಗೆಯ ಎರಡೂ ಕಣ್ಣು ಇನ್ನೂ ಮುಚ್ಚಿಯೇ ಇದ್ದವು.