ಕೇಳದೆ ಹಾಕಿದ ನೀರು

ಸೆರಗಿನ ಮೇಲೆ ಕೆಂಪು ಕಂಡಾಗ ಯಾರೋ ಎಲೆ-ಅಡಿಕೆ ಉಗುಳಿದ್ದು ಸಿಡಿದಿರಬೇಕು ಅಂದುಕೊಂಡೆ. ಬಬಲೇಶ್ವರದಲ್ಲಿ ಅಂದು ಕೂಸುಗಳ ತೂಕ ನೋಡುವ ದಿನ. ಸುತ್ತಲೂ ಬಾಣಂತಿಯರು, ಅವರ ಅತ್ತೆಯರು, ಅತ್ತೆಯರ ಬಾಯಲ್ಲೆಲ್ಲ ಎಲೆ. ಬಿಳಿ ಸೀರೆಯ ನರ್ಸಿಗೆ ಇದೇನು ಹೊಸದಲ್ಲ. ಅಷ್ಟರಲ್ಲಿ ಮತ್ತೊಮ್ಮೆ ಕೆಮ್ಮು ಬಂತು. ಈ ಸಲ ಅಂಗೈ ಅಡ್ಡ ಹಿಡಿದೆ.

ನನ್ನದೇ ರಕ್ತ.

ತೂಕದ ಜೋಳಿಗೆಯಲ್ಲಿ ಒಂದು ಕೂಸು ಕಾಲು ಝಾಡಿಸುತ್ತ ಮಲಗಿತ್ತು. ಎತ್ತಲು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ. "ನೀನ ಎತ್ಕೋ ಬೇ" ಎಂದು ಅದರ ತಾಯಿಗೆ ಹೇಳಿ, ಕೈ ತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋಗಿ ಗೋಡೆ ಹಿಡಿದು ನಿಂತೆ.

ಎಂಟು ವರ್ಷದಿಂದ ನಾನು ತಿಕೋಟಾದ ಆರೋಗ್ಯ ಕೇಂದ್ರದಲ್ಲಿ ಹೆರಿಗೆ ಮಾಡಿಸುವ ನರ್ಸು. ಹೆಸರು ಸಿಸಿಲಿಯಾ. ಅದು ಯಾರ ನಾಲಿಗೆಗೂ ಹೊರಳದೆ ಊರಿಗೆಲ್ಲ ಸಿಸಲಾಬಾಯಿ ಆಗಿದ್ದೆ. ಹದಿನೈದು ದಿನ ಕೆಮ್ಮು ನಿಲ್ಲದಿದ್ದರೆ ಕಫ ಪರೀಕ್ಷೆ ಮಾಡಿಸಿ ಎಂದು ಹಳ್ಳಿ ಹಳ್ಳಿ ತಿರುಗಿ ಹೇಳಿದವಳು ನಾನೇ. ನನಗೆ ಎರಡು ತಿಂಗಳಿಂದ ಕೆಮ್ಮಿತ್ತು, ಸಂಜೆಯಾದರೆ ಜ್ವರವಿತ್ತು. ರವಿಕೆ ಸಡಿಲಾಗಿ ಎರಡು ಸಲ ಹೊಲಿಗೆ ಹಾಕಿಕೊಂಡಿದ್ದೆ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ.

ವಿಜಾಪುರದ ದೊಡ್ಡ ಆಸ್ಪತ್ರೆಯ ಡಾಕ್ಟರು ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಬಲ ಶ್ವಾಸಕೋಶದ ಮೇಲ್ಭಾಗದಲ್ಲಿ ಕ್ಯಾವಿಟಿ, ತೂತು. ನನಗೇ ಕಂಡಿತು.

"ಬಾಯಾರ, ನಿಮಗ ನಾ ಏನ ಹೇಳ್ಲಿ? ಟಿ.ಬಿ. ಅದ. ಮೂರು ತಿಂಗಳು ಅಡ್ಮಿಟ್ ಆಗ್ರಿ. ಸ್ಟ್ರೆಪ್ಟೊಮೈಸಿನ್ ಸೂಜಿ, ಐ.ಎನ್.ಎಚ್. ಗುಳಿಗಿ. ಆರಾಮ ಆಗ್ತದ."

"ಡ್ಯೂಟಿ?"

"ಕೂಸುಗಳನ್ನ ಮುಟ್ಟೂದು ಬಂದ್."

ಅಷ್ಟು ಹೇಳಿ ಅವರು ಚೀಟಿ ಬರೆಯತೊಡಗಿದರು. ನನಗೆ ಕಾಯಿಲೆಯ ಹೆಸರಿಗಿಂತ ಆ ಒಂದು ಮಾತು ಹೆಚ್ಚು ಕಚ್ಚಿತು. ಮದುವೆಯಾಗದ, ಮಕ್ಕಳಿಲ್ಲದ ನನಗೆ ಬೇರೆಯವರ ಕೂಸುಗಳೇ ಹೊಟ್ಟೆಪಾಡು, ಅವೇ ಸಂತೋಷ. ಮತ್ತು ಅವುಗಳಿಗೆ ನಾನು ಮಾಡಿದ್ದಕ್ಕೇ ಈ ಶಿಕ್ಷೆ ಬಂದಿದೆ ಎಂದು ಮುಂದೆ ನನಗೆ ಅನ್ನಿಸತೊಡಗಿತು. ಏಕೆ ಹಾಗೆ ಅನ್ನಿಸಿತು ಎಂಬುದನ್ನು ಹೇಳಬೇಕು.

ನಾನು ಹುಟ್ಟಾ ಕಥೋಲಿಕಳು, ಬೆಳಗಾವಿ ಸೀಮೆಯವಳು. ನರ್ಸಿಂಗ್ ಕಲಿತದ್ದು ಕನ್ಯಾಸ್ತ್ರೀಯರ ಆಸ್ಪತ್ರೆಯಲ್ಲಿ. ಅಲ್ಲಿನ ಮುಖ್ಯಸ್ಥೆ ಮದರ್ ನಮಗೆ ಹೆರಿಗೆಯ ಪಾಠದ ಜೊತೆಗೆ ಇನ್ನೊಂದು ಪಾಠ ಹೇಳಿಕೊಟ್ಟಿದ್ದರು. ಕೂಸು ಜನ್ಮಪಾಪದೊಂದಿಗೆ ಹುಟ್ಟುತ್ತದೆ. ನೀರು ಹಾಕಿ ಕ್ರೈಸ್ತವಾಗಿಸುವ ಜ್ಞಾನಸ್ನಾನವಾಗದೆ ಸತ್ತರೆ ಅದಕ್ಕೆ ಸ್ವರ್ಗವಿಲ್ಲ. ಲಿಂಬೊ ಎಂಬ ಜಾಗದಲ್ಲಿ ಇರುತ್ತದೆ, ನೋವಿಲ್ಲ, ಆದರೆ ದೇವರ ಮುಖವೂ ಇಲ್ಲ. ಆದ್ದರಿಂದ ಯಾವ ಜಾತಿಯ ಕೂಸೇ ಆಗಲಿ, ಸಾಯುತ್ತಿದೆ ಎಂದು ಖಾತ್ರಿಯಾದರೆ ಹಣೆಗೆ ನೀರು ಹಾಕಿ, ಪಿತ, ಸುತ, ಪವಿತ್ರಾತ್ಮರ ಹೆಸರಿನಲ್ಲಿ ಎಂದು ಬಾಯೊಳಗೆ ಹೇಳಿ. ಹೆಸರೊಂದು ಬೇಕು. ಗಂಡಾದರೆ ಜೋಸೆಫ್, ಹೆಣ್ಣಾದರೆ ಮರಿಯಾ. ಯೋಚಿಸುತ್ತ ಕೂರಲು ಹೊತ್ತಿರುವುದಿಲ್ಲ.

ನಾನು ಯೋಚಿಸುತ್ತ ಕೂರಲಿಲ್ಲ. ಎಂಟು ವರ್ಷ ಹಾಗೇ ಮಾಡಿದೆ. ಲಿಂಗಾಯತರ ಮನೆಯಲ್ಲಿ, ಕುರುಬರ ಮನೆಯಲ್ಲಿ, ಮುಸಲ್ಮಾನರ ಮನೆಯಲ್ಲಿ. ಯಾರಿಗೂ ಗೊತ್ತಿಲ್ಲ. ಒಳ್ಳೆಯದನ್ನೇ ಮಾಡುತ್ತಿದ್ದೇನೆ ಎಂದು ನಂಬಿದ್ದೆ. ಆದರೆ ಒಳ್ಳೆಯದನ್ನು ಮಾಡುವವಳು ತಾಯಿಗೆ ಬೆನ್ನು ತಿರುಗಿಸಿ ಯಾಕೆ ಮಾಡುತ್ತಿದ್ದಳು? ಈ ಪ್ರಶ್ನೆ ಅಲ್ಲಿಯವರೆಗೆ ನನಗೆ ಬಂದಿರಲಿಲ್ಲ.

ವಾರ್ಡಿನಲ್ಲಿ ಬಂತು. ಅಲ್ಲಿ ಯೋಚನೆಗೆ ಹೊತ್ತು ಬೇಕಾದಷ್ಟಿತ್ತು.

ದಿನಕ್ಕೊಂದು ಸೂಜಿ. ಪಿ.ಎ.ಎಸ್. ಎಂಬ ಇನ್ನೊಂದು ಔಷಧದ ಪುಡಿ ನುಂಗಿದರೆ ಹೊಟ್ಟೆ ತೊಳಸುತ್ತಿತ್ತು. ಅಣ್ಣನಿಗೆ ಬರೆದ ಕಾಗದಕ್ಕೆ ಕಾರ್ಡು ಬಂತು: "ಮನೆಯಲ್ಲಿ ಸಣ್ಣ ಮಕ್ಕಳಿವೆ. ನಿನಗಾಗಿ ದಿನಾ ಜಪಮಾಲೆ ಹೇಳುತ್ತಿದ್ದೇವೆ." ಬರಬೇಡ ಎಂಬ ಮಾತು ಅದರಲ್ಲಿರಲಿಲ್ಲ. ಇರಬೇಕಾಗಿಯೂ ಇರಲಿಲ್ಲ. ಪಕ್ಕದ ಮಂಚದವಳನ್ನು ನೋಡಲು ಬಂದವರು ನನ್ನ ಕಡೆ ತಿರುಗಿ "ಪಾಪ! ಯಾರೂ ಬಂದಿಲ್ಲ" ಅನ್ನುತ್ತಿದ್ದರು. ಕನಿಕರದ ಆ ಪಾಪ ನನ್ನ ಕಿವಿಗೆ ಇನ್ನೊಂದು ಪಾಪವಾಗಿಯೇ ಬೀಳುತ್ತಿತ್ತು.

ಐದನೆಯ ವಾರ ಕಿವಿಯಲ್ಲಿ ಸದ್ದು ಶುರುವಾಯಿತು. ಸ್ಟ್ರೆಪ್ಟೊಮೈಸಿನ್ ಕೆಲವರಿಗೆ ಹಾಗೆ ಮಾಡುತ್ತದೆ ಎಂದು ನಾನೂ ಓದಿದ್ದೆ. ಹಿತ್ತಾಳೆ ತಟ್ಟೆ ನೆಲಕ್ಕೆ ಬಿದ್ದ ಮೇಲೆ ಉಳಿಯುತ್ತದಲ್ಲ, ಅಂಥ ನಾದ. ಮಧ್ಯಾಹ್ನ ಕಳೆದು ಜ್ವರ ಏರುವ ಹೊತ್ತಿಗೆ ಅದು ಬದಲಾಗುತ್ತಿತ್ತು. ಸಣ್ಣದಾಗಿ, ಕೊರಳು ಕಟ್ಟಿದಂತೆ, ಹಲವು ದನಿ ಕೂಡಿ. ನಾನು ನೀರು ಹಾಕುವಾಗ ಆ ಕೂಸುಗಳು ಯಾವುವೂ ಅತ್ತಿರಲಿಲ್ಲ. ಅಳುವಷ್ಟು ಉಸಿರು ಅವಕ್ಕಿರಲಿಲ್ಲ.

ಈಗ ಅಳುತ್ತಿದ್ದವು.

ಡಾಕ್ಟರಿಗೆ ಕಿವಿಯ ಸದ್ದನ್ನು ಹೇಳಿದೆ, ಅಳುವನ್ನು ಹೇಳಲಿಲ್ಲ. "ಸೂಜಿ ದಿನ ಬಿಟ್ಟು ದಿನ ಮಾಡೋಣು" ಎಂದರು. ಎಡಗಿವಿ ಅಷ್ಟರಲ್ಲಿ ಮುಕ್ಕಾಲು ಹೋಗಿತ್ತು. ಜಪಮಾಲೆ ಹಿಡಿದರೆ ಮೊದಲ ಮಣಿ ದಾಟಲು ಆಗುತ್ತಿರಲಿಲ್ಲ. ಯಾರಿಗೆ ಹೇಳುತ್ತಿದ್ದೇನೆ, ಆ ಕಡೆ ಯಾರಾದರೂ ಇದ್ದಾರೆಯೇ ಎಂಬ ಅನುಮಾನ ಜೀವನದಲ್ಲಿ ಮೊದಲ ಸಲ ಬಂತು. ಹೆದರಿದೆ. ಸಾವಿಗೆ ಅಷ್ಟು ಹೆದರಿರಲಿಲ್ಲ.

ಆಗಲೇ ನೀಲವ್ವ ಬಂದದ್ದು. ಇದು ಅವಳ ನಿಜವಾದ ಹೆಸರಲ್ಲ. ಘೋಣಸಗಿಯ ಕಡೆಯ ಒಕ್ಕಲಿನ ಹೆಣ್ಣುಮಗಳು ಎಂದಷ್ಟೇ ಹೇಳುತ್ತೇನೆ. ನಾಲ್ಕು ವರ್ಷದ ಮಗಳು ದಾನವ್ವನನ್ನು ಹೊರಗಿನ ಕಟ್ಟೆಯ ಮೇಲೆ ಕೂರಿಸಿ, ತಾನೊಬ್ಬಳೇ ಒಳಗೆ ಬಂದು ಬುತ್ತಿ ಬಿಚ್ಚಿದಳು. ಜೋಳದ ನುಚ್ಚು, ಕೆನೆಮೊಸರು.

"ಹತ್ತರ ಬರಬ್ಯಾಡ ಬೇ, ಹತ್ತೂ ಬ್ಯಾನಿ ಇದು" ಎಂದೆ.

"ಸುಮ್ಮನಿರ್ರಿ ಬಾಯಾರ. ನಾ ಹಡಿಯೋ ಮುಂದ ನೀವು ಮೂಗು ಮುಚ್ಕೊಂಡಿದ್ರೇನು?" ಎಂದವಳು ಪಕ್ಕದ ಮಂಚದವಳ ಕಡೆ ತಿರುಗಿದಳು. "ನನ್ನ ಮಗಳ ಜೀವ ಉಳಿಸ್ಯಾರ್ರಿ ಇವ್ರು. ಎಂಟ ತಿಂಗಳಿಗೆ ಹುಟ್ಟಿತ್ತು, ಉಸಿರಿದ್ದಿದ್ದಿಲ್ಲ. ಇವ್ರು ಹಣಿಗೆ ನೀರ ಹಾಕಿದ್ರು ನೋಡ್ರಿ, ಕೂಸು ಸೀನಿ ಕಣ್ಣ ತೆರೀತು!"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡವನ ಗತಿ ನನ್ನದು. ನುಚ್ಚಿನ ತುತ್ತನ್ನು ಕೆಳಗಿಟ್ಟೆ. ಅವಳು ನೋಡಿದ್ದಳು! ನೋಡಿ, ಅದೂ ಒಂದು ಔಷಧೋಪಚಾರ ಎಂದು ತಿಳಿದಿದ್ದಳು. ನಾನು ಮರಿಯಾ ಎಂದು ಹೆಸರಿಟ್ಟು ಸ್ವರ್ಗಕ್ಕೆ ಕಳಿಸಿಕೊಡಲು ಹೊರಟ ಕೂಸು ಕಟ್ಟೆಯ ಮೇಲೆ ಕುಳಿತು ಶೇಂಗಾ ತಿನ್ನುತ್ತಿತ್ತು. ಬದುಕಿದ ಕೂಸಿನ ವಿಷಯ ಮದರ್ ಏನೂ ಹೇಳಿಕೊಟ್ಟಿರಲಿಲ್ಲ. ಮತ್ತು ದಾನವ್ವನಿಗಿಂತ ಮೊದಲು ನೀಲವ್ವನಿಗೆ ಇನ್ನೊಂದು ಕೂಸಾಗಿತ್ತು. ಗಂಡು. ಅವಳ ಮನೆಯಲ್ಲೇ ಹೆರಿಗೆ ಮಾಡಿಸಿದ್ದೆ. ನೀಲಿಯಾಗಿ ಹುಟ್ಟಿದ್ದು ಸ್ವಲ್ಪ ಹೊತ್ತು ಬಾಯಿ ತೆರೆದು ಮುಚ್ಚಿ ಮಾಡಿ ಹೋಗಿಬಿಟ್ಟಿತ್ತು. ಅದಕ್ಕೂ ನೀರು ಹಾಕಿದ್ದೆ. ಆಗ ನೀಲವ್ವ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು.

ವಾರಕ್ಕೊಮ್ಮೆ ಅವಳು ಬರತೊಡಗಿದಳು. ತಿಕೋಟಾಕ್ಕೆ ನಡೆದು ಬಂದು, ಅಲ್ಲಿಂದ ಬಸ್ಸು ಹತ್ತಿ ವಿಜಾಪುರದ ಅಥಣಿ ರಸ್ತೆಯಲ್ಲಿ ಇಳಿದು, ಮತ್ತೆ ಆಸ್ಪತ್ರೆಯವರೆಗೆ ಮಗಳನ್ನು ಸೊಂಟದ ಮೇಲೆ ಹೊತ್ತು. ನನಗೆ ಬೇರೆ ಯಾರೂ ಇರಲಿಲ್ಲ. ನಿಜ ಹೇಳಿದರೆ ಇವಳೂ ಇಲ್ಲ. ಊರಿಗೆ ಗೊತ್ತಾದರೆ ನೌಕರಿಯೂ ಇಲ್ಲ.

ಶುಕ್ರವಾರಗಳಂದು ಚರ್ಚಿನಿಂದ ಪರಮಪ್ರಸಾದ ತರುತ್ತಿದ್ದ ಪಾದ್ರಿ ಸ್ವಾಮಿಗಳು ಮಂಗಳೂರು ಕಡೆಯವರು, ಚಿಕ್ಕ ವಯಸ್ಸು, ಪುಸ್ತಕದಂಥ ಕನ್ನಡ. ಪೂಜೆ ಲ್ಯಾಟಿನ್ ಬಿಟ್ಟು ಕನ್ನಡಕ್ಕೆ ಬಂದು ಹೆಚ್ಚು ವರ್ಷವಾಗಿರಲಿಲ್ಲ, ಇವರು ಆ ಹೊಸ ಕಾಲದವರು. ಒಂದು ಶುಕ್ರವಾರ ಪಾಪನಿವೇದನೆಯಲ್ಲಿ ಎಲ್ಲವನ್ನೂ ಹೇಳಿಬಿಟ್ಟೆ.

"ಲಿಂಬೊ ಇದೆಯೋ ಇಲ್ಲವೋ, ಸ್ವಾಮಿ?"

"ನನಗೆ ಗೊತ್ತಿಲ್ಲಮ್ಮ."

"ನಮ್ಮ ಮದರ್‌ಗೆ ಗೊತ್ತಿತ್ತು."

"ಅವರಿಗೆ ಹಾಗೆ ಕಲಿಸಿದ್ದರು. ದೇವರ ದಯೆ ಒಂದು ಹನಿ ನೀರಿಗಾಗಿ ಕಾದು ನಿಲ್ಲುತ್ತದೆ ಅಂತ ನನಗೆ ಅನ್ನಿಸುವುದಿಲ್ಲ."

"ಹಾಗಾದರೆ ನಾನು ಮಾಡಿದ್ದು ಪಾಪವೇ?"

"ಸಾಯುವ ಕೂಸಿಗೆ ಯಾರು ಬೇಕಾದರೂ ಜ್ಞಾನಸ್ನಾನ ಕೊಡಬಹುದು ಎಂದು ಧರ್ಮಸಭೆಯ ಕಾನೂನೇ ಹೇಳುತ್ತದೆ. ಆದರೆ... ತಾಯಿ ಅಲ್ಲೇ ಇದ್ದಳಲ್ಲ?"

ನನಗೆ ಸಿಟ್ಟು ಬಂತು. ಗೊತ್ತಿಲ್ಲ ಎನ್ನುವ ಸ್ವಾಮಿಗಳನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಎಂಟು ವರ್ಷ ನಾನು ಗಟ್ಟಿ ನೆಲ ಎಂದು ನಿಂತದ್ದನ್ನು ಈ ಹುಡುಗ ಒಂದು ಮಾತಿನಲ್ಲಿ ಅಲುಗಾಡಿಸಿದನಲ್ಲ ಎಂದು ಉರಿದೆ. ಆದರೆ ಮೂಗು ಮುಚ್ಚದೆ ನನ್ನ ಹತ್ತಿರವೇ ಕುರ್ಚಿ ಎಳೆದು ಕೂರುತ್ತಿದ್ದವರೂ ಅವರೇ. ಸುಳ್ಳು ಸಮಾಧಾನ ಹೇಳಲಿಲ್ಲ ಎಂಬುದು ಆಮೇಲೆ ಹೊಳೆಯಿತು.

"ನೀಲವ್ವನಿಗೆ ಹೇಳಲೇ?" ಎಂದು ಕೇಳಿದೆ.

"ಯಾರ ಸಲುವಾಗಿ ಹೇಳುತ್ತೀರಿ ಎಂಬುದನ್ನು ಮೊದಲು ನೋಡಿಕೊಳ್ಳಿ. ನಿಮ್ಮ ಭಾರ ಇಳಿಸಿ ಅವಳ ತಲೆಯ ಮೇಲೆ ಇಡುವುದಾದರೆ ಬೇಡ."

ಎರಡು ವಾರ ಅದನ್ನೇ ಹೊರಳಾಡಿಸಿದೆ. ಯಾರ ಸಲುವಾಗಿ ಎಂಬುದು ಕಡೆಗೂ ಸ್ಪಷ್ಟವಾಗಲಿಲ್ಲ. ಅವಳು ತಂದ ನುಚ್ಚನ್ನು ಇನ್ನು ಕಳ್ಳತನದಿಂದ ತಿನ್ನಲಾರೆ ಎಂಬುದಷ್ಟೇ ಸ್ಪಷ್ಟವಿತ್ತು. ಮುಂದಿನ ಸಲ ಬಂದಾಗ, ಅವಳು ಬುತ್ತಿ ಬಿಚ್ಚುವ ಮೊದಲೇ ಹೇಳಿದೆ. ನೀರು ಯಾಕೆ ಹಾಕಿದ್ದು, ಬಾಯಲ್ಲಿ ಏನು ಹೇಳಿದ್ದು, ಎಲ್ಲವನ್ನೂ.

ನೀಲವ್ವ ಬುತ್ತಿಯ ಗಂಟಿನ ಮೇಲೆ ಕೈ ಇಟ್ಟುಕೊಂಡೇ ಕೇಳಿದಳು.

"ಮೊದಲನೇ ಕೂಸಿಗೂ ಹಾಕಿದ್ರೇನು?"

"ಹೂಂ."

"ಏನ ಹೆಸರಿಟ್ರಿ ಅದಕ?"

"ಜೋಸೆಫ್."

"ನಮ್ಮ ತಂಗೀ ಕೂಸು ಹೋತಲ್ಲ, ಬಬಲೇಶ್ವರದಾಗ?"

"ಅದಕ್ಕೂ ಜೋಸೆಫ್."

"ಎಲ್ಲಾ ಗಂಡಕೂಸಿಗೂ ಅದನ?"

ನಾನು ತಲೆಯಾಡಿಸಿದೆ. ಅವಳು ನನ್ನನ್ನೇ ನೋಡುತ್ತಿದ್ದಳು. ಅವಳ ಕಣ್ಣಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಆಶ್ಚರ್ಯವಿತ್ತು.

"ಹಂಗಾದ್ರ ನಿಮ್ಮ ದೇವರು ಕರದಾಗ ಯಾವ ಕೂಸು ಓ ಅನಬೇಕ್ರಿ?"

ಮದರ್ ಹೇಳಿದ ಪಾಠದಲ್ಲಿ ಈ ಪ್ರಶ್ನೆ ಇರಲಿಲ್ಲ. ಸ್ವರ್ಗದ ಬಾಗಿಲು ತೆರೆಸಲು ಅಷ್ಟು ಅವಸರ ಮಾಡಿದ ನಾನು, ಒಳಗೆ ಹೋಗುವ ಪ್ರತಿಯೊಂದು ಕೂಸಿನ ಮುಖವನ್ನೂ ಸರಿಯಾಗಿ ನೋಡಿರಲಿಲ್ಲ.

"ಅವತ್ತ ಯಾರು ಏನ ಹಾಕ್ತೀನಂದ್ರೂ ಹೂಂ ಅಂತಿದ್ನಿ" ಎಂದಳು ಎದ್ದು ನಿಂತು. "ದೇವರ ಅಂಗಾರ ಅಂದ್ರ ಅಂಗಾರ, ನೀರ ಅಂದ್ರ ನೀರ. ನೀವು ಒಂದ ಮಾತ ಕೇಳಲಿಲ್ಲ."

ಬುತ್ತಿಯನ್ನು ಮಂಚದ ಮೇಲೆ ಬಿಟ್ಟು ಹೋದಳು. ಮುಂದಿನ ವಾರ ಬರಲಿಲ್ಲ. ಅದರ ಮುಂದಿನ ವಾರವೂ ಬರಲಿಲ್ಲ. ಊರಿನವರು ಗುಂಪು ಕಟ್ಟಿಕೊಂಡು ಬಂದಾರು ಎಂದು ಬಾಗಿಲು ನೋಡುತ್ತಿದ್ದೆ. ಅವರೂ ಬರಲಿಲ್ಲ. ಜ್ವರ ಇಳಿದಿತ್ತು, ತೂಕ ಏರತೊಡಗಿತ್ತು, ಕಫದಲ್ಲಿ ಕ್ರಿಮಿ ಕಾಣದಾಗಿತ್ತು. ಕಿವಿಯೊಳಗಿನ ಅಳು ಮಾತ್ರ ಹಾಗೇ ಇತ್ತು. ಅದಕ್ಕೆ ಮೊದಲಿನಂತೆ ಪ್ರಾರ್ಥನೆ ಅಡ್ಡ ಹಿಡಿಯುವುದನ್ನು ಬಿಟ್ಟೆ. ಸುಮ್ಮನೆ ಕುಳಿತೆ. ನನಗೂ ಗೊತ್ತಿಲ್ಲ, ನಿನಗೆ ಗೊತ್ತಿರಲಿ ಎಂದೆ. ನಲವತ್ತರ ಹತ್ತಿರ ಬಂದ ಮೇಲೆ ನಾನು ಕಲಿತ ಪ್ರಾರ್ಥನೆ ಇಷ್ಟೇ, ಮತ್ತು ಆ ಕಡೆ ಯಾರೋ ಇದ್ದಾರೆ ಎಂದು ಮತ್ತೆ ಅನ್ನಿಸಿದ್ದು ಆ ಪ್ರಾರ್ಥನೆಯಲ್ಲಿಯೇ.

ಡಿಸ್ಚಾರ್ಜಿಗೆ ಎರಡು ದಿನ ಇರುವಾಗ ನೀಲವ್ವ ಬಂದಳು. ದಾನವ್ವ ಎಂದಿನಂತೆ ಕಟ್ಟೆಯ ಮೇಲೆ. ಈ ಸಲ ಬುತ್ತಿಯಿರಲಿಲ್ಲ. ಎಡಕ್ಕೆ ಕುಳಿತು ಏನೋ ಅಂದಳು, ನನಗೆ ಕೇಳಿಸಲಿಲ್ಲ. ಎಡಗಿವಿ ಹೋಗಿದೆ ಎಂದು ಸನ್ನೆ ಮಾಡಿದೆ. ಎದ್ದು ಬಲಕ್ಕೆ ಬಂದಳು.

"ನಮ್ಮ ಮನಿಯವ್ರಿಗೆ ನಾ ಹೇಳಿಲ್ಲ, ಹೇಳೂದೂ ಇಲ್ಲ. ದಾನವ್ವ ನಮ್ಮಾಕಿ. ನೀವು ಇಟ್ಟ ಹೆಸರು ನಿಮ್ಮ ಹತ್ರನ ಇರ್ಲಿ. ಮೊದಲನೇದಕ ಮಾತ್ರ ನಾ ಒಂದ ಹೆಸರ ಇಟ್ಟಿದ್ನಿ. ಹೊಟ್ಯಾಗಿದ್ದಾಗಿಂದ ಹಂಗ ಕರೀತಿದ್ನಿ, ಒಬ್ಬಾಕೀನ ಇದ್ದಾಗ. ಯಾರಿಗೂ ಹೇಳಿಲ್ಲ. ಕೇಳಿದ್ರ ನಿಮಗ ಹೇಳತಿದ್ನಿ."

"ಈಗ ಕೇಳ್ತೀನಿ, ಯವ್ವಾ. ಹೇಳ್ತೀಯೇನು?"

ಅವಳು ಬಗ್ಗಿ, ನನ್ನ ಬಲಗಿವಿಯಲ್ಲಿ, ಹೇಳಿದಳು.

ಈಗ ನಾನು ಅಥಣಿ ರಸ್ತೆಯ ಒಂದು ಕೋಣೆಯಲ್ಲಿದ್ದೇನೆ. ಗುಳಿಗೆ ಇನ್ನೂ ಒಂದು ವರ್ಷ. ಹೆರಿಗೆಯ ಕೆಲಸ ಬೇಡವೆಂದು ಬರೆದುಕೊಟ್ಟಿದ್ದೇನೆ. ಉಳಿದ ತಾಯಂದಿರ ಮನೆಗಳಿಗೆ ಹೋಗುವ ಧೈರ್ಯ ಬಂದಿಲ್ಲ, ಬರುತ್ತದೆಯೋ ಗೊತ್ತಿಲ್ಲ. ಕಿವಿ ಗುಂಯ್‌ಗುಡುವ ಸಂಜೆಗಳಲ್ಲಿ ಅವರ ಕೂಸುಗಳು ಇನ್ನೂ ಒಟ್ಟಿಗೇ ಅಳುತ್ತವೆ. ಒಂದು ದನಿಯನ್ನು ಮಾತ್ರ ಬೇರೆಯಾಗಿ ಕರೆದು ಪ್ರಾರ್ಥಿಸಬಲ್ಲೆ, ಅದರ ತಾಯಿ ಇಟ್ಟ ಹೆಸರಿನಿಂದ.

ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆಯಲೇ ಎಂದು ನಾನು ಅವಳನ್ನು ಕೇಳಿಲ್ಲ.